ಉಡಿಕಿ ಗಡಿಯಾರ

‘ಸ್ವಿಸ್ ಮೇಡ್’ ಎಂಬಲ್ಲಿ ಒಂದು ಎಸ್ ಕಡಿಮೆ ಇತ್ತು.

ಅದು ನನ್ನ ಕಣ್ಣಿಗೆ ಬಿದ್ದದ್ದು ಶನಿವಾರ ಬೆಳಿಗ್ಗೆ. ನಾನು ಹುಟ್ಟುವ ಮೊದಲಿಂದಲೂ ಆ ಕೈಗಡಿಯಾರ ನಮ್ಮ ಮನೆಯಲ್ಲಿದೆ. ಮೊದಲು ಮುತ್ಯಾನ, ಅಂದರೆ ಅಜ್ಜನ ಕೈಯಲ್ಲಿತ್ತು, ಆಮೇಲೆ ಟೀವಿ ಕಪಾಟಿನ ಗಾಜಿನ ಹಿಂದೆ ಬಂತು. ಎಲ್ಲರೂ ಅದನ್ನು ನೋಡಿದ್ದರು. ಯಾರೂ ಓದಿರಲಿಲ್ಲ. ದೇವರ ಕ್ಯಾಲೆಂಡರಿನ ಕೆಳಗೆ ಸಣ್ಣಕ್ಷರದಲ್ಲಿರುವ ಪ್ರೆಸ್ಸಿನ ಹೆಸರನ್ನು ಯಾರು ಓದುತ್ತಾರೆ?

“ಅಣ್ಣಾ, ಇದರಾಗ ಸ್ಪೆಲ್ಲಿಂಗ್ ತಪ್ಪದ,” ಅಂದೆ.

ನನ್ನ ಅಣ್ಣ ಅಮರ ಮಂಚದ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಪುಣೆ ಹತ್ತಿರದ ತಳೇಗಾಂವದ ಫ್ಯಾಕ್ಟರಿಯೊಂದರಲ್ಲಿ ಅವನು ಕ್ವಾಲಿಟಿ ಇಂಜಿನಿಯರ್. ಬೇರೆಯವರ ತಪ್ಪು ಹಿಡಿಯುವುದಕ್ಕೇ ಅವನಿಗೆ ಸಂಬಳ.

“ಸ್ವಿಸ್ ಮಂದಿಗೆ ಇಂಗ್ಲಿಷ್ ಅಷ್ಟ ಬರಂಗಿಲ್ಲ ಬಿಡು,” ಅಂದ.

“ತಮ್ಮ ದೇಶದ ಹೆಸರು ಸುದ್ದಾ ಬರಂಗಿಲ್ಲೇನು?”

ಅವನು ಉಗುರು ಬಿಟ್ಟು ಬೆರಳನ್ನೇ ಕಚ್ಚಿಕೊಂಡ.

ವಿಷಯ ಇಷ್ಟು. ಅಮರ ಶ್ರದ್ಧಾಳನ್ನು ಮದುವೆಯಾಗಬೇಕು. ಅವಳು ಅದೇ ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದವಳು. ಅವಳ ತಂದೆ ಕುಶಲ ಶೆಟ್ಟರ ಹೋಟೆಲ್ ಇಲ್ಲೇ ನಿಗಡಿಯಲ್ಲಿದೆ, ನಮ್ಮ ಮನೆಯಿಂದ ಎರಡು ಬಸ್‌ಸ್ಟಾಪ್ ಆಚೆ. ನಮ್ಮದು ಗೋಕಾಕ ಕಡೆಯ ಪಾತ್ರೆ ವ್ಯಾಪಾರದ ಮನೆತನ, ಅವರದು ಕಡಲ ಕಡೆಯ ಇಡ್ಲಿ–ಸಾಂಬಾರಿನ ಮನೆತನ. ಜಾತಿಯ ಜಗಳ ಎರಡೂ ಮನೆಯಲ್ಲಿ ಬೇಕಾದಷ್ಟು ನಡೆದು, ದಣಿದು, ಮಲಗಿತ್ತು. ಉಳಿದದ್ದು ಒಂದೇ ತೊಡಕು, ಶೆಟ್ಟರ ನಿಯಮ.

ಶ್ರದ್ಧಾಗೆ ಒಮ್ಮೆ ಮದುವೆಯಾಗಿತ್ತು. ಹುಡುಗನಿಗೆ ದುಬೈನಲ್ಲಿ ಕೆಲಸ ಅಂದಿದ್ದರು. ಮದುವೆಯಾದ ಮೇಲೆ ನೋಡಿದರೆ ಕೆಲಸ ಇರಲಿಲ್ಲ. ಸ್ವಲ್ಪ ದಿನಕ್ಕೆ ಪಾಸ್‌ಪೋರ್ಟೇ ಇಲ್ಲವೆಂದು ಗೊತ್ತಾಯಿತು. ಅವಳು ಸೂಟ್‌ಕೇಸ್ ಹಿಡಿದು ಮನೆಗೆ ಬಂದಳು. ಅಂದಿನಿಂದ ಶೆಟ್ಟರದು ಒಂದೇ ಮಾತು: ಹುಡುಗ ಬಡವನಿರಲಿ, ಬೋಳುತಲೆಯವನಿರಲಿ, ಒಂದು ಸುಳ್ಳು ಸಿಕ್ಕರೆ ಎದ್ದು ಬರುವುದು. ಹಾಗೆ ಎದ್ದು ಬಂದೂ ಇದ್ದರು. ಒಬ್ಬ ಹುಡುಗ ತನ್ನ ಎತ್ತರವನ್ನು ಎರಡು ಇಂಚು ಹೆಚ್ಚು ಹೇಳಿದ್ದನಂತೆ. ಅವನ ಮನೆಯ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಇಂಥ ಮನುಷ್ಯನ ಮುಂದೆ ಅಮರ ಸುಳ್ಳು ಹೇಳಿದ್ದ. ಅದೂ ಯಾರೂ ಕೇಳದೆ.

ಶೆಟ್ಟರಿಗೆ ಹಳೆಯ ವಾಚುಗಳ ಹುಚ್ಚು. ಹೋಟೆಲಿನ ಗಲ್ಲೆಯ ಮೇಲೆ ದುಡ್ಡೆಣಿಸುತ್ತ ಕೂತಾಗಲೂ ಕೈಯಲ್ಲಿ ಒಂದು ಹಳೇ ವಾಚು ಇದ್ದೇ ಇರುತ್ತದೆ. ಅಮರ ಮೊದಲ ಸಲ ಭೇಟಿಗೆ ಹೋದಾಗ ಮಾತಿಗೆ ಮಾತು ಸಿಗದೆ, ಗಾಬರಿಯಲ್ಲಿ ಅವರ ಕೈಯನ್ನೇ ನೋಡುತ್ತ ನಿಂತನಂತೆ. “ನಿಮಗೂ ವಾಚಿನ ಶೋಕಿ ಉಂಟಾ?” ಎಂದು ಅವರು ಕೇಳಿದರು. ಅಷ್ಟು ಸಾಕಾಯಿತು. “ಮನ್ಯಾಗ ಮುತ್ಯಾಂದು ಒಂದು ಅರ್ಲೋನ್ ಅದರಿ. ಅಸಲಿ ಸ್ವಿಸ್. ಒಳಗ ಒಂದ್ ಸ್ಕ್ರೂ ಸುದ್ದಾ ಬದಲಿಲ್ಲ. ನನ್ನ ತಂಗಿ ಬಿಚ್ಚಿ ನೋಡ್ಯಾಳ್ರಿ, ಅಕಿ ಇದರಾಗ ಎಕ್ಸ್‌ಪರ್ಟ್,” ಅಂದುಬಿಟ್ಟ.

ಅದರಲ್ಲಿ ಅರ್ಧ ಅಪ್ಪನ ಮಾತು. ನಮ್ಮಪ್ಪ ಶಿವಪ್ರಕಾಶ, ಮನೆಗೆ ಬಂದ ಪ್ರತಿಯೊಬ್ಬರಿಗೂ ಆ ಗಡಿಯಾರ ತೋರಿಸಿ, “ಅಸಲಿ ಮಾಲು. ನಮ್ಮ ಮನೆತನ ಇದ್ದಂಗ. ಎಲ್ಲೂ ಜೋಡಿಲ್ಲ, ತ್ಯಾಪಿಲ್ಲ,” ಎನ್ನುತ್ತಾರೆ. ತಂಗಿ ಬಿಚ್ಚಿ ನೋಡಿದ್ದು ಮಾತ್ರ ಅಮರನ ಸ್ವಂತ ಸೃಷ್ಟಿ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಪಿಂಪ್ರಿಯಲ್ಲಿ ನನ್ನ ನೌಕರಿ, ಭಾನುವಾರ ಹಳೇ ಸಾಮಾನಿನ ಜುನಾ ಬಜಾರಿನಲ್ಲಿ ನನ್ನ ಜೀವನ. ಅಲ್ಲಿ ಸತ್ತ ವಾಚುಗಳನ್ನು ತಂದು ಬದುಕಿಸುವುದು ನನ್ನ ಚಟ. ಮನೆಯದನ್ನು ಬಿಟ್ಟು ಉಳಿದೆಲ್ಲವನ್ನೂ ಬಿಚ್ಚಿದ್ದೆ.

ಈಗ ಶೆಟ್ಟರು ಭಾನುವಾರ ಮಗಳ ಜೊತೆ ಬರುವವರಿದ್ದರು. “ಆ ವಾಚನ್ನೂ ನೋಡುವ,” ಎಂದು ಫೋನಿನಲ್ಲಿ ಹೇಳಿದ್ದರು.

“ಈಗರೆ ಬಿಚ್ಚಿ ನೋಡಲೆ. ನೋಡಿದಿ ಅಂದ್ರ ನಾ ಹೇಳಿದ್ದು ಖರೇ ಆಗ್ತದ,” ಅಂದ ಅಮರ.

ಹಿಂದಿನ ಮುಚ್ಚಳ ಎಬ್ಬಿಸಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೆ. ಒಳಗೆ ಸ್ವಿಟ್ಜರ್ಲೆಂಡ್ ಇರಲಿಲ್ಲ. ಬೆಂಗಳೂರು ಇತ್ತು. ನಮ್ಮ ಹೆಚ್‌ಎಂಟಿಯ ಯಂತ್ರ ತಣ್ಣಗೆ ಕೂತು ಟಿಕ್ ಟಿಕ್ ಎನ್ನುತ್ತಿತ್ತು.

“ಏನದ?”

“ಇಡ್ಲಿ ಪಾತ್ರ್ಯಾಗ ಕಡ್ಲಿಹಿಟ್ಟಿನ ಪಿಠ್ಲಾ ಮಾಡ್ಯಾರ.”

ಒಂದೊಂದಾಗಿ ಹೇಳುತ್ತ ಹೋದೆ. ಹೊರಗಿನ ಕವಚ ನಿಜವಾಗಿಯೂ ಅರ್ಲೋನ್, ನಿಜವಾಗಿಯೂ ಸ್ವಿಸ್. ಮುಚ್ಚಳದ ಒಳಗೆ ಛಾಪು ಸ್ಪಷ್ಟವಾಗಿತ್ತು. ಯಂತ್ರ ಹೆಚ್‌ಎಂಟಿ. ಅಂಕಿಯ ತಟ್ಟೆಯೂ ಹೆಚ್‌ಎಂಟಿಯದೇ, ಆದರೆ ಮೇಲೆ ಯಾರೋ ಬಿಳಿ ಬಳಿದು, ಕೂದಲೆಳೆಯ ಕುಂಚದಲ್ಲಿ ಅರ್ಲೋನ್ ಎಂದೂ ಎಸ್ ನುಂಗಿದ ಸ್ವಿಸ್ ಎಂದೂ ಬರೆದಿದ್ದರು. ತಾಸಿನ ಮುಳ್ಳು ನೀಲಿ, ನಿಮಿಷದ ಮುಳ್ಳು ಬೆಳ್ಳಿ ಬಣ್ಣದ್ದು. ಸೆಕೆಂಡಿನ ಮುಳ್ಳು ಕೆಂಪು, ಮೂರನೆಯ ಯಾವುದೋ ವಾಚಿನದು. ಅದರ ರಂಧ್ರ ಅಳತೆಗಿಂತ ಸ್ವಲ್ಪ ದೊಡ್ಡದು. ಹಾಗಾಗಿ ಹನ್ನೆರಡರಿಂದ ಆರರ ಕಡೆ ಇಳಿಯುವಾಗ ಅದು ಜಾರಿ ಜಿಗಿಯುತ್ತದೆ, ಏರುವಾಗ ಅಪ್ಪ ಮೆಟ್ಟಿಲು ಹತ್ತಿದ ಹಾಗೆ ನಿಂತು ನಿಂತು ಏರುತ್ತದೆ.

ಆ ಜಿಗಿತ ಮಾತ್ರ ನಮಗೆಲ್ಲ ಮೊದಲಿಂದ ಗೊತ್ತು. ಆಯಿ ಅದನ್ನು ಕರೆಯುತ್ತಿದ್ದದ್ದೇ ‘ಉಡಿಕಿ ಗಡಿಯಾರ’ ಎಂದು. ಆಯಿ ಅಂದರೆ ಅಜ್ಜಿ, ರುದ್ರವ್ವ. ಮರಾಠಿ ಗೆಳತಿಯರು ನಾನು ಆಯಿ ಅಂದಾಗಲೆಲ್ಲ ನನ್ನ ತಾಯಿ ಅಂದುಕೊಂಡು, ನಿನ್ನ ತಾಯಿಗೆ ಇಷ್ಟು ವಯಸ್ಸಾ ಎಂದು ಕೇಳುತ್ತಾರೆ. ಪುಣೆಯಲ್ಲಿ ಬೆಳೆದ ನಮ್ಮ ಬಾಯಲ್ಲಿ ಕನ್ನಡ–ಮರಾಠಿ ಹೀಗೆ ಒಂದರ ಚಪ್ಪಲಿ ಇನ್ನೊಂದು ಹಾಕಿಕೊಂಡು ತಿರುಗುತ್ತವೆ. ಮರಾಠಿಯಲ್ಲಿ ಉಡೀ ಅಂದರೆ ಜಿಗಿತ. ಜಿಗಿಯುವ ಗಡಿಯಾರ ಉಡಿಕಿ ಗಡಿಯಾರ. ಇದರಲ್ಲಿ ಕೇಳುವುದೇನಿದೆ? ಅಪ್ಪನೂ ಹಾಗೇ ತಿಳಿದಿದ್ದರು. ಅವರೂ ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದವರು.

“ಅಂದ್ರ ಇದು ಡುಪ್ಲಿಕೇಟ್,” ಅಂದ ಅಮರ. ಅವನ ಮುಖ ಬಳಿದ ತಟ್ಟೆಗಿಂತ ಬೆಳ್ಳಗಾಗಿತ್ತು.

“ಡುಪ್ಲಿಕೇಟ್ ಅಲ್ಲೋ. ಎಲ್ಲಾ ಒರಿಜಿನಲ್. ಬ್ಯಾರೆ ಬ್ಯಾರೆ ವಾಚಿನ ಒರಿಜಿನಲ್. ಗಿರಾಕಿಗೆ ಟೋಪಿ ಹಾಕಾಕ ಬಜಾರದಾಗ ಹಿಂಗ ಕೂಡಿಸ್ತಾರ. ಮುತ್ಯಾಗ ಯಾರೋ ಛಲೋ ಟೋಪಿ ಹಾಕ್ಯಾರ.”

ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಸ್ವಿಸ್ ಕವಚ ದೊಡ್ಡದು, ಬೆಂಗಳೂರಿನ ಯಂತ್ರ ಸಣ್ಣದು. ನಡುವಿನ ಸಂದು ತುಂಬಲು ಯಾರೋ ಹಿತ್ತಾಳೆಯ ತೆಳು ಬಳೆ ಕತ್ತರಿಸಿ ಕೂರಿಸಿದ್ದರು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ. ಪಾತ್ರೆಯ ಮೇಲೆ ಹೆಸರು ಕೊರೆಯುತ್ತಾರಲ್ಲ, ಹಾಗೆ. ಕನ್ನಡ ಅಕ್ಷರ! ಕತ್ತರಿ ತಾಗಿ ಅಕ್ಕಪಕ್ಕದ ಅಕ್ಷರಗಳೆಲ್ಲ ಹಾರಿಹೋಗಿದ್ದವು. ನಡುವಿನ ಎರಡು ಮಾತ್ರ ಓದಲು ಬಂದವು.

“ರುಸಿ,” ಅಂದೆ.

“ರುಸಿ ಯಾರು?”

“ಪಾರ್ಸಿ ಹೆಸರದು. ಪುಣೆ ಕ್ಯಾಂಪಿನ್ಯಾಗ ಯಾರೋ ಪಾರ್ಸಿ ವಾಚ್ ರಿಪೇರಿಯವ ಇದ್ದಿರಬೇಕು. ತನ್ನ ಸಹಿ ಹಾಕ್ಯಾನ.”

“ಪಾರ್ಸಿಯವ ಕನ್ನಡದಾಗ ಯಾಕ ಸಹಿ ಹಾಕ್ತಾನಲೆ?”

ನಾನು ಭೂತಗನ್ನಡಿ ಒರೆಸಿ ಮತ್ತೆ ನೋಡಿದೆ, ಅದು ಕನ್ನಡದಲ್ಲೇ ಇತ್ತು. ಎಕ್ಸ್‌ಪರ್ಟುಗಳಿಗೂ ಹೀಗಾಗುತ್ತದೆ.

ಅಡುಗೆಮನೆಯ ಬಾಗಿಲಲ್ಲಿ ಆಯಿ ಬಟಾಣಿ ಸುಲಿಯುತ್ತ ಕೂತಿದ್ದಳು. ಎಂಬತ್ತು ದಾಟಿದ ಕೈಗಳು. ಬಟಾಣಿ ಮಾತ್ರ ಗುಂಡಿನ ಹಾಗೆ ಬುಟ್ಟಿಗೆ ಬೀಳುತ್ತಿದ್ದವು. ನಾನು ಗಡಿಯಾರ ಹಿಡಿದು ಹತ್ತಿರ ಕೂತೆ.

“ಆಯಿ, ಇದು ಎಲ್ಲಿಂದ ಬಂತು?”

“ಅದು ಉಡಿಕಿ ಗಡಿಯಾರಲ್ಲೇನ.”

“ಹೌದು, ಜಿಗಿತದ, ಗೊತ್ತದ. ಬಂದದ್ದೆಲ್ಲಿಂದ?”

“ಹೇಳಿದೆಲ್ಲವಾ.”

“ಏನ ಹೇಳಿದಿ? ಮತ್ತ ಈ ರುಸಿ ಅಂದ್ರ ಯಾರು? ಒಳಗ ಬರದದ.”

ಬಟಾಣಿಯ ಗುಂಡು ನಿಂತಿತು. ಆಯಿ ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಹೊರಗಿನ ಕೋಣೆಯ ಕಡೆ ಕತ್ತು ಚಾಚಿದಳು.

“ನಿಮ್ಮಪ್ಪ ಅದಾನೇನು?”

“ಅಂಗಡಿಗೆ ಹೋಗ್ಯಾರ.”

“ಹಂಗಾದ್ರ ಬಟಾಣಿ ಸುಲಿ. ಎರಡೂ ಕೈಲೆ,” ಅಂದು ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಬಟಾಣಿ ಮುಗಿದದ್ದೇ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸಂಜೆಯವರೆಗೆ ಅಮರ ಉಪಾಯಗಳನ್ನು ತಂದ. ವಾಚು ರಿಪೇರಿಗೆ ಕೊಟ್ಟಿದೆ ಅನ್ನೋಣ. ಕಪಾಟಿನ ಕೀಲಿ ಕಳೆದಿದೆ ಅನ್ನೋಣ. ಬೆಕ್ಕು ಬೀಳಿಸಿತು ಅನ್ನೋಣ. ನಮ್ಮಲ್ಲಿ ಬೆಕ್ಕಿಲ್ಲ ಅಂದರೆ, ಪಕ್ಕದ ಮನೆಯದು ಅಂದ.

“ರೇಣು, ನೀ ಏನೂ ಹೇಳಬ್ಯಾಡ. ಅವರು ‘ನೋಡಿದ್ಯೇನಮ್ಮಾ’ ಅಂದ್ರ ‘ಹೂಂ’ ಅನ್ನು. ನೋಡೇ ನೋಡಿದಿ. ‘ಎಲ್ಲಾ ಒರಿಜಿನಲ್ಲಾ’ ಅಂದ್ರ ‘ಹೂಂ’ ಅನ್ನು. ನೀನ ಅಂದಿ, ಎಲ್ಲಾ ಒರಿಜಿನಲ್ ಅಂತ.”

“ನಾ ಸುಳ್ಳ ಹೇಳಂಗಿಲ್ಲ. ಖರೇನೂ ಹೇಳಂಗಿಲ್ಲ. ನಿನ್ನ ಸುಳ್ಳು, ನೀನ ಸಾಕು.”

“ಅಕಿ ನನ್ನ ಬಿಟ್ಟರ?”

ಅದನ್ನು ಅವನು ತಮಾಷೆಯಿಲ್ಲದೆ ಕೇಳಿದ. ನಾನು ಗಡಿಯಾರವನ್ನು ಮತ್ತೆ ಜೋಡಿಸುತ್ತಿದ್ದೆ. ಕೈಯಲ್ಲಿ ಚಿಮಟಿ ಇತ್ತು, ಉಸಿರು ಬಿಡುವ ಹಾಗಿರಲಿಲ್ಲ.

ಊಟಕ್ಕೆ ಕೂತಾಗ ಅಪ್ಪ ತಮ್ಮ ಕಡೆಯದೂ ಒಂದು ಸೇರಿಸಿದರು. “ನಾಳೆ ಎಲ್ಲಾ ಪಕ್ಕಾ ಮಾಡೂಣು. ಒಂದ ಮಾತು. ಹುಡುಗೀದು ಮೊದಲ ಒಂದು ಲಗ್ನ ಆಗಿತ್ತು ಅನ್ನೂದು ನಮ್ಮ ಬಳಗದ ಬಾರಾಮತಿ ಕಾಕಾಗ ಗೊತ್ತಾಗಬಾರ್ದು. ಯಾರಿಗೂ ಗೊತ್ತಾಗಬಾರ್ದು. ನಮ್ಮ ಮನೆತನದಾಗ ಅಂಥಾದ್ದು ನಡದಿಲ್ಲ.”

ಆಯಿ ರೊಟ್ಟಿ ಮುರಿಯುತ್ತ, “ನಡದಿಲ್ಲೇನ?” ಅಂದಳು.

“ಎಲ್ಲಿ ನಡದದ ಬೇ?”

“ಪಲ್ಯಾ ಹಾಕು,” ಅಂದಳು ಆಯಿ.

*

ಕುಶಲ ಶೆಟ್ಟರು ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳಗಿದ್ದರು. ಗರಿಗರಿ ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಭೂತಗನ್ನಡಿ. ಹೆಂಡತಿ ರಾಜೀವಿ ಬಂದಿರಲಿಲ್ಲ. “ಭಾನುವಾರ ಗಲ್ಲೆ ಬಿಡ್ಲಿಕ್ಕೆ ಆಗುದಿಲ್ಲ, ಅವಳು ಅಲ್ಲೇ ಇದ್ದಾಳೆ,” ಅಂದರು. ಶ್ರದ್ಧಾ ನನ್ನ ಪಕ್ಕದಲ್ಲಿ ಕೂತು, “ನೀವೇ ಅಲ್ವಾ ಎಕ್ಸ್‌ಪರ್ಟ್?” ಎಂದು ಪಿಸುಗುಟ್ಟಿದಳು. ನಾನು ಬಟಾಣಿ ಉಪ್ಪಿಟ್ಟಿನ ತಟ್ಟೆಯನ್ನು ಅವಳ ಕೈಗೆ ತುರುಕಿದೆ.

ನಮ್ಮವ್ವ ಚಹಾ ತಂದಳು. ಆಯಿ ಮೂಲೆಯ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು. ಅಪ್ಪ ಗಡಿಯಾರವನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತಂದರು. “ನೋಡ್ರಿ ಶೆಟ್ರ. ಅಸಲಿ ಮಾಲು. ನಮ್ಮ ಮನೆತನ ಇದ್ದಂಗ. ಎಲ್ಲೂ ಜೋಡಿಲ್ಲ, ತ್ಯಾಪಿಲ್ಲ.”

ಶೆಟ್ಟರು ಭೂತಗನ್ನಡಿ ಕಣ್ಣಿಗೇರಿಸಿದರು. ತಟ್ಟೆಯ ಮೇಲೆ ನಿಧಾನವಾಗಿ, ದೋಸೆಯ ಅಂಚು ನೋಡುವ ಹಾಗೆ, ಸುತ್ತ ನೋಡುತ್ತ ಬಂದರು. ಆರು ಅಂಕಿಯ ಕೆಳಗೆ ನಿಂತರು. ಎಸ್ ಇಲ್ಲದ ಜಾಗದಲ್ಲಿ.

“ಇದನ್ನು ನೀವು ಬಿಚ್ಚಿ ನೋಡಿದ್ದೀರಂತೆ ಅಲ್ವಾ ಅಮ್ಮ?” ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

“ನಿನ್ನೆ ನೋಡಿದ್ಲರಿ,” ಅಂದ ಅಮರ. ಅವನು ಎದ್ದು ನಿಂತಿದ್ದ, ಶಾಲೆಯಲ್ಲಿ ಹೆಸರು ಕರೆದಾಗ ನಿಲ್ಲುವ ಹಾಗೆ. “ನಾ ನಿಮಗ ಹೇಳಿದಾಗ ಅಕಿ ನೋಡಿರಲಿಲ್ಲ. ನಾ ಸುಳ್ಳ ಹೇಳಿದೆ. ನಿಮ್ಮ ಮುಂದ ನಿಂತಾಗ ಏನ ಮಾತಾಡಬೇಕು ತಿಳೀಲಿಲ್ಲ, ಬಾಯಾಗ ಅದು ಬಂತು. ಮತ್ತ ಅದು ಅಸಲಿ ಅಲ್ಲರಿ. ಎಲ್ಲಾ ಜೋಡಿಸಿದ್ದದ.”

“ಅಮರಾ!” ಅಂದರು ಅಪ್ಪ.

ಶೆಟ್ಟರು ಗಡಿಯಾರವನ್ನು ಟೀಪಾಯಿಯ ಮೇಲೆ ಇಟ್ಟರು. ಬಹಳ ಮೆಲ್ಲಗೆ. ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದು ಅದನ್ನೂ ಇಟ್ಟರು. ಅವರ ಉಪ್ಪಿಟ್ಟು ತಟ್ಟೆಯಲ್ಲೇ ಇತ್ತು. ಶ್ರದ್ಧಾ ತನ್ನ ತಟ್ಟೆಯ ಕಡೆಯೇ ನೋಡುತ್ತಿದ್ದಳು.

“ಚಹಾ ಒಳ್ಳೇದಿತ್ತು,” ಅಂದರು ಶೆಟ್ಟರು. ಎದ್ದರು.

ಮನುಷ್ಯ ಎದ್ದರೂ ಅವನ ಚಟ ಕೂತೇ ಇರುತ್ತದೆ. ಬಾಗಿಲ ಕಡೆ ತಿರುಗಿದವರು ಮತ್ತೆ ಟೀಪಾಯಿ ನೋಡಿದರು. “ಒಳಗೆ ಎಂತ ಉಂಟು?” ಎಂದು ನನ್ನನ್ನೇ ಕೇಳಿದರು, ಸ್ವಲ್ಪ ನಾಚಿಕೊಂಡು.

“ಹೆಚ್‌ಎಂಟಿ ಅದರಿ. ಕವಚ ಮಾತ್ರ ಅರ್ಲೋನ್. ನಡುವ ಒಂದು ಹಿತ್ತಾಳಿ ಬಳಿ ಹಾಕ್ಯಾರ. ಅದರ ಮ್ಯಾಲೆ ಹೆಸರು ಅದ.”

“ಹೆಸರಾ? ತೋರ್ಸಿ ನೋಡುವ.”

ಮುಚ್ಚಳ ತೆಗೆದು ಕೊಟ್ಟೆ. ಅವರು ನಿಂತೇ ನೋಡಿದರು. ಆಮೇಲೆ ತಿಳಿಯದ ಹಾಗೆ ಕೂತರು. “ರುಸಿ. ಪಾರ್ಸಿಯವ?”

“ನಾನೂ ಹಂಗ ಅಂದೆರಿ!” ಅಂದೆ.

ಮೂಲೆಯ ಕುರ್ಚಿಯಿಂದ ನಗು ಕೇಳಿತು. ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. “ಪಾರ್ಸಿ ಮಾಡಿಬಿಟ್ರಲ್ಲೋ ಅವರನ್ನ! ಅದು ಉಡಿಕಿ ಗಡಿಯಾರ ಅಂತ ಮೊದಲಿಂದ ಹೇಳ್ಕೊಂತ ಬಂದೇನಿ, ಯಾರು ಕೇಳ್ತೀರಿ?”

“ಉಡುಪಿ ವಾಚಾ?” ಶೆಟ್ಟರ ಕಣ್ಣು ಅಗಲವಾಯಿತು. “ನಮ್ಮ ಉಡುಪೀದಾ? ಅಲ್ಲಿ ವಾಚು ಯಾರು ಮಾಡ್ತಿದ್ರು ಮಾರಾಯ್ರೆ?”

“ಉಡುಪಿ ಅಲ್ರಿ, ಉಡಿಕಿ,” ಎಂದು ಅಪ್ಪ ಬೆವರು ಒರೆಸಿಕೊಂಡರು. “ಮರಾಠಿ ಉಡೀ ಇಲ್ಲೇನ್ರಿ? ಮುಳ್ಳು ಜಿಗೀತದ, ಅದಕ್ಕ ಹಂಗಂತಾರ. ವಯಸ್ಸಾಗ್ಯದ ಅವ್ವಗ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ.”

“ಮರಾಠಿ ಉಡೀ ಅಲ್ಲೋ ಶಿವ್ಯಾ. ಹೆಂಗಸಿಗೆ ಎರಡನೇ ಸಲ ಸೀರಿ ಉಡಸ್ತಾರಲ್ಲ, ಆ ಉಡಿಕಿ.”

ಯಾರಿಗೂ ಅರ್ಥವಾಗಲಿಲ್ಲ. ಅವ್ವನ ಕೈಯಲ್ಲಿದ್ದ ಚಹಾದ ಕಿತ್ತಲಿ ಮಾತ್ರ ಗಾಳಿಯಲ್ಲೇ ನಿಂತಿತು. ಅವಳು ಅಥಣಿಯಲ್ಲಿ ಬೆಳೆದವಳು, ಆ ಮಾತು ಕೇಳಿ ಬಲ್ಲವಳು.

“ಯಾರ ಹೆಸರು ಅಜ್ಜಿ ಅದು?” ಎಂದು ಶ್ರದ್ಧಾ ಕೇಳಿದಳು.

“ಗಂಡನ ಹೆಸರು ಹಂಗ ಹೇಳಬಾರದವಾ.”

“ಹಾಗಾದ್ರೆ ಉಖಾಣೆ ಹಾಕಿ ಹೇಳಿ. ನಮ್ಮ ಆಫೀಸಿನ ಮರಾಠಿಯವರು ಹೇಳ್ತಾರಲ್ಲ, ಹಾಡಿನ ಹಾಗೆ, ನಡುವೆ ಗಂಡನ ಹೆಸರು ಬರೋ ಹಾಗೆ.”

“ನಮ್ಮ ಕಡೆ ಒಡಪು ಅಂತಾರ.” ಆಯಿ ಕಾಲು ಕೆಳಗೆ ಬಿಟ್ಟಳು, ಸೆರಗು ತಲೆಯ ಮೇಲೆ ಎಳೆದಳು. ಅವಳ ದನಿಯಲ್ಲಿ ಒಂದು ಹುಡುಗಿ ಇಣುಕಿದಳು.

“ಹೊಸ್ತಿಲಿಗೆ ನಸಿಕಿನ್ಯಾಗ ಅರಿಷಿಣ ಹಚ್ಚೀನಿ,
ಗುರುಸಿದ್ದಪ್ಪನ ಹೆಸರ ಎದಿಯಾಗ ಮುಚ್ಚೀನಿ.”

ನಮ್ಮ ಮುತ್ಯಾನ ಹೆಸರು ಕಾಡಪ್ಪ.

“ಅವ್ವಾ,” ಅಪ್ಪ ಮೆಲ್ಲಗೆ ಅಂದರು, “ಹೆಸರು ತಪ್ಪಿದಿ ಬೇ.”

“ತಪ್ಪಿಲ್ಲ. ಇನ್ನೊಂದದ, ಕೇಳು.

ಕಿವಿಗೆ ಹಿಡದು ಗಡಿಯಾರದ ಟಿಕ್ ಟಿಕ್ ಕೇಳೀನಿ,
ಕಾಡಪ್ಪನ ಜೋಡಿ ನಕ್ಕೊಂತ ಬಾಳೀನಿ.”

ನಾನು ಬಳೆಯನ್ನು ನೋಡಿದೆ. ಗು–ರುಸಿ–ದ್ದಪ್ಪ. ನನ್ನ ಪಾರ್ಸಿ ಕ್ಯಾಂಪಿನಿಂದ ಎದ್ದು, ಟೋಪಿ ತೆಗೆದು, ಗೋಕಾಕಕ್ಕೆ ಹೊರಟುಹೋದ.

ಆಮೇಲೆ ಆಯಿಯನ್ನು ಯಾರೂ ಏನೂ ಕೇಳಬೇಕಾಗಲಿಲ್ಲ.

“ಮೊದಲಿನವರು ಮುಂಬೈ ಗಿರಣ್ಯಾಗ ಇದ್ರು. ಆ ಸ್ವಿಸ್ ಗಡಿಯಾರ ಅವರದು. ಕಾಮಣಿ ಆಗಿ, ಮೈಯೆಲ್ಲ ಹಳದಿ ತಿರುಗಿ ತೀರಿಹೋದ್ರು. ಆಗ ನನಗ ಈ ಹುಡುಗೀಗಿಂತ ಕಡಿಮಿ ವಯಸ್ಸು. ಗಡಿಯಾರ ಟ್ರಂಕಿನ್ಯಾಗ ಕುಂತು, ಒಳಗೆಲ್ಲ ತುಕ್ಕು ಹಿಡೀತು. ಆಮ್ಯಾಲೆ ಇವರು, ನಿಮ್ಮ ಮುತ್ಯಾ, ನನ್ನ ಕೇಳಾಕ ಬಂದ್ರು. ಪಾತ್ರಿ ಅಂಗಡ್ಯಾಗ ಹೆಸರು ಕೊರ್ಯಾವ್ರು. ಉಡಿಕಿ ಅಂದ್ರ ಹೆಂಗಸಿನ ಎರಡನೇ ಲಗ್ನ. ಬಾಜಾ ಇಲ್ಲ, ಹಂದರ ಇಲ್ಲ. ಮುತ್ತೈದೇರು ಮಾರಿ ನೋಡಬಾರ್ದಂತ ಕತ್ತಲದಾಗ ಸೀರಿ ಉಡಿಸಿ ಕಳಸ್ತಿದ್ರು. ನಾ ಒಂದು ಟ್ರಂಕು ಹಿಡಕೊಂಡು ಬಂದೆ. ಇವರು ಟ್ರಂಕು ತಗದ್ರು, ಗಡಿಯಾರ ನೋಡಿದ್ರು. ಇವರದೂ ಒಂದಿತ್ತು, ಹೆಚ್‌ಎಂಟಿ. ಸೈಕಲ್ ಮ್ಯಾಲಿಂದ ಬಿದ್ದು ಮೈಯೆಲ್ಲ ಜಜ್ಜಿ ಹೋಗಿತ್ತು, ಹೊಟ್ಟಿ ಮಾತ್ರ ಗಟ್ಟಿ. ‘ರುದ್ರಾ,’ ಅಂದ್ರು, ‘ಛಲೋ ಮೈ ಅವರದು, ಛಲೋ ಹೊಟ್ಟಿ ನನ್ನದು. ಎರಡೂ ಚೆಲ್ಲೂದ್ಯಾಕ? ಕೂಡಿಸಿಬಿಡೂಣು.’”

“ಬಳೆ?” ಎಂದು ಶೆಟ್ಟರು ಕೇಳಿದರು. ಅವರ ದನಿ ಹೋಟೆಲ್ ಮಾಲೀಕನದಾಗಿರಲಿಲ್ಲ.

“ಮೊದಲಿನ ಮದಿವ್ಯಾಗ ಕೊಟ್ಟ ನೀರಿನ ಹಿತ್ತಾಳಿ ಚರಗಿ ಇತ್ತು, ಅವರ ಹೆಸರು ಕೊರದದ್ದು. ಸೋರ್ತಿತ್ತು. ಅದನ್ನ ಕತ್ತರಿಸಿದ್ರು. ಹೆಸರಿದ್ದ ಕಡೇನ ಕತ್ತರಿಸಿದ್ರು, ಬೇಕಂತ.”

“ಮತ್ತ ಮ್ಯಾಲಿನ ಬರಹ?” ನಾನು ಕೇಳಿದೆ. ಗಿರಾಕಿಗೆ ಟೋಪಿ ಹಾಕುವವರ ಕೈಬರಹ ಎಂದು ತೀರ್ಪು ಕೊಟ್ಟವಳು ನಾನೇ.

“ಅದೂ ಅವರದ. ‘ಮನಿ ಅವರದು, ಬಾಗಲದ ಮ್ಯಾಲೆ ಹೆಸರು ಅವರದ ಇರ್ಲಿ,’ ಅಂದ್ರು. ಸ್ವಿಸ್ ಗಡಿಯಾರದ ಹಳೇ ತಾಟು ಮುಂದಿಟ್ಕೊಂಡು ನೋಡಿ ನೋಡಿ ತಗದ್ರು. ಇಂಗ್ಲಿಷ್ ಎಲ್ಲಿ ಬರ್ತಿತ್ತು? ‘ಒಂದ ಅಕ್ಷರ ಎರಡೆರಡು ಸಲ ಯಾಕ ಬರದಾರೋ ಹುಚ್ಚರು, ಒಂದ ಸಾಕು,’ ಅಂತ ಬಿಟ್ರು.”

“ಕೆಂಪು ಮುಳ್ಳು?”

“ಅದು ಯಾವ ಭಾಡ್ಯಾನದೋ. ಬಜಾರದಾಗ ಸಿಕ್ಕಿದ್ದು.”

ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಪಾತ್ರೆ ಅಂಗಡಿಯ ಮಾಲೀಕರಾಗಿ ಅವರು ಎಷ್ಟೋ ಚರಗಿಗಳ ಮೇಲೆ ಹೆಸರು ಕೊರೆಸಿ ಕೊಟ್ಟವರು. “ಅವ್ವಾ, ಮತ್ತ ನಾ ಯಾರ ಮಗಾ?”

“ಗಡಿಯಾರ ನಡ್ಯಾಕ ಹತ್ತಿದ ಮ್ಯಾಲೆ ಹುಟ್ಟಿದವ ನೀ. ಹೆದರಬ್ಯಾಡ.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ದಿನಾ ಹೇಳೇನಿ. ಉಡಿಕಿ ಗಡಿಯಾರ, ಉಡಿಕಿ ಗಡಿಯಾರ ಅಂತ ಬಾಯಿ ಹರಕೊಂಡೇನಿ. ನೀವು ಜಿಗಿತ ಅಂದ್ಕೊಂಡ್ರಿ. ಅಂದ್ಕೊಳ್ಳಿ ಅಂತ ಬಿಟ್ಟೆ. ನನಗೂ ಸುಳ್ಳ ಹೇಳೂದು ತಪ್ಪಿತು.”

ಶೆಟ್ಟರು ಗಡಿಯಾರ ಹಿಡಿದೇ ಇದ್ದರು. ಮುಚ್ಚಳವನ್ನು ತಾವೇ ಒತ್ತಿ ಕೂರಿಸಿದರು, ಕಿವಿಗೆ ಹಿಡಿದರು. ಅಮರ ಇನ್ನೂ ನಿಂತೇ ಇದ್ದ. ಅವನ ಸುಳ್ಳು ಅವನ ಪಕ್ಕದಲ್ಲಿ ನಿಂತಿತ್ತು. ಆಯಿಯ ಕಥೆ ಎಷ್ಟು ಚೆಂದ ಇದ್ದರೂ ಅದನ್ನು ಮುಚ್ಚಲು ಬರುವಂತಿರಲಿಲ್ಲ.

“ಅಜ್ಜಿಯದ್ದು ಸರಿ,” ಅಂದರು ಶೆಟ್ಟರು. “ಆದ್ರೆ ಹುಡುಗ ನನ್ನ ಹತ್ರ ಸುಳ್ಳು ಹೇಳಿದ್ದು ಹೌದು ಅಲ್ವಾ?”

“ಹೌದ್ರಿ,” ಅಂದ ಅಮರ.

“ಪಪ್ಪಾ,” ಅಂದಳು ಶ್ರದ್ಧಾ. ಅವಳು ತಟ್ಟೆ ಕೆಳಗಿಟ್ಟಿದ್ದಳು. “ಮೊದಲಿನವನು ಪಾಸ್‌ಪೋರ್ಟ್ ಇಲ್ಲ ಅಂತ ಕೋರ್ಟಿನಲ್ಲೂ ಒಪ್ಪಲಿಲ್ಲ. ಇವನಿಗೆ ಒಂದು ಚಹಾ ಆರುವವರೆಗೂ ತಡ್ಕೊಳ್ಳಲಿಕ್ಕೆ ಆಗ್ಲಿಲ್ಲ. ಇವನಿಗೆ ಸುಳ್ಳು ಹೇಳ್ಲಿಕ್ಕೆ ಬರುದೇ ಇಲ್ಲ. ನಂಗೆ ಇಂಥವನೇ ಸಾಕು.”

ಶೆಟ್ಟರು ಮಗಳನ್ನು ನೋಡಿದರು, ಅಮರನನ್ನು ನೋಡಿದರು. ತಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಆರಿದ ಉಪ್ಪಿಟ್ಟನ್ನು ಒಂದು ಚಮಚ ಬಾಯಿಗಿಟ್ಟರು. “ಉಪ್ಪು ಸ್ವಲ್ಪ ಹೆಚ್ಚಾಗಿದೆ,” ಅಂದರು.

“ಹೌದ್ರಿ, ಹೆಚ್ಚಾಗ್ಯದ,” ಅಂದಳು ಅವ್ವ ತಕ್ಷಣ. ಈ ಮನೆಯಲ್ಲಿ ಇನ್ನು ಯಾರೂ ಏನನ್ನೂ ಮುಚ್ಚಿಡುವ ಧೈರ್ಯ ಮಾಡುವಂತಿರಲಿಲ್ಲ.

ಶೆಟ್ಟರು ನಕ್ಕು ಇನ್ನೊಂದು ಚಮಚ ತಿಂದರು. ಅಮರ ಆಗ ಕೂತ. ಕೂತದ್ದಲ್ಲ, ಕುಸಿದ.

ನಾನು ಶೆಟ್ಟರಿಗೆ, “ಬೇಕಾದ್ರ ಆ ಕೆಂಪು ಮುಳ್ಳು ಗಟ್ಟಿ ಮಾಡ್ತೀನ್ರಿ. ಎಸ್ ಸುದ್ದಾ ಬರಸಬಹುದು,” ಅಂದೆ. ಶೆಟ್ಟರು ಹೋಟೆಲಿನ ಪಾಕವಿಧಾನ ಕೇಳಿದವರ ಕಡೆ ನೋಡುವ ಹಾಗೆ ನನ್ನನ್ನು ನೋಡಿದರು. “ಮುಟ್ಟಬೇಡಿ ಅಮ್ಮ. ಸಾವಿರ ಅರ್ಲೋನ್ ಸಿಕ್ತದೆ. ಇದು ಒಂದೇ ಉಂಟು.”

ಆಯಿ ಶ್ರದ್ಧಾಳನ್ನು ಹತ್ತಿರ ಕರೆದು ಗಡಿಯಾರವನ್ನು ಅವಳ ಕೈಗೆ ಕಟ್ಟಿದಳು. ಪಟ್ಟಿ ದೊಡ್ಡದಾಗಿ ಅದು ಮೊಣಕೈತನಕ ಜಾರಿತು. “ಈ ಮನ್ಯಾಗ ನಿಂದು ಎರಡನೇ ಉಡಿಕಿ ನೋಡವಾ,” ಅಂದಳು. “ಆದ್ರ ಹಗಲ ಹೊತ್ತಿನ್ಯಾಗ ಮಾಡ್ಕೊ. ಬಾಜಾ ಹಚ್ಚಿ ಮಾಡ್ಕೊ.”

ಅಪ್ಪ ಅಲ್ಲಿರಲಿಲ್ಲ. ರಸ್ತೆಯ ಕಡೆಯ ಗ್ಯಾಲರಿಯಲ್ಲಿ ಬೆನ್ನು ಹಾಕಿ ನಿಂತಿದ್ದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಬಾರಾಮತಿಗೆ ಹಚ್ಚಿದರು. ಅಪ್ಪನಿಗೆ ಫೋನಿನಲ್ಲಿ ಕೂಗಿ ಮಾತಾಡುವ ಅಭ್ಯಾಸ, ಹಾಗಾಗಿ ನಮಗೂ ಪಕ್ಕದ ಮನೆಯವರಿಗೂ ಎಲ್ಲ ಕೇಳಿಸಿತು.

“ಹಾಂ ಕಾಕಾ, ಅಮರಂದು ಪಕ್ಕಾ ಆತ್ರಿ. ಹುಡುಗಿ ಭಾಳ ಛಲೋ ಅದಾಳ… ಹೌದ್ರಿ… ಇಲ್ರಿ, ಅಕೀದು ಮೊದಲೊಂದು ಲಗ್ನ ಆಗಿತ್ತು. ಇದು ಉಡಿಕಿ… ಉಡಿಕಿ ಅಂದೆರಿ… ನಮ್ಮ ಅವ್ವಂದೂ ಉಡಿಕೀನ ಇತ್ತಂತ… ಉಡುಪಿ ಅಲ್ರಿ ಕಾಕಾ, ಉಡಿಕಿ!”

ಅಪ್ಪ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದು ಕೇಳಿದರು. ತಿರುಗಿ ಒಳಗೆ, ಉಪ್ಪಿಟ್ಟು ಮುಗಿಸುತ್ತಿದ್ದ ಶೆಟ್ಟರ ಕಡೆ ನೋಡಿದರು.

“ಹೌದ್ರಿ,” ಅಂದರು. “ಉಡುಪೀನೂ ಹೌದು.”